ಒಸಡಿನ ದಪ್ಪವೂ ಹಲ್ಲಿನ ಚಿಕಿತ್ಸೆಯೂ

ಬದಿಯಡ್ಕದ ಕಡೆಯಿಂದ ಸೋದರಿಯೊಬ್ಬರು ಬರೆದ ಕಾಗದವು ಕಳೆದ ಸಂಚಿಕೆ ಅಚ್ಚಿಗೆ ಹೋದ ಮರುದಿನ ನಮ್ಮ ಕೈಸೇರಿತು. ಈ ಪುಟಕ್ಕೆ ಬರುವ ಕಾಗದಗಳಲ್ಲಿ ಹೆಚ್ಚಿನವು ಸಕ್ಕರೆ ಕಾಯಿಲೆ, ಮಂಡಿನೋವು, ಮಕ್ಕಳ ಕೆಮ್ಮು ಇವುಗಳನ್ನೇ ಕುರಿತವು. ಇದು ಹಾಗಲ್ಲ. ಅವರ ಮಗಳು ಇಪ್ಪತ್ತನಾಲ್ಕು ವರ್ಷದವಳು. ಬಚ್ಚಲುಮನೆಯಲ್ಲಿ ಜಾರಿಬಿದ್ದು ಮೇಲಿನ ಸಾಲಿನ ಬಾಚಿಹಲ್ಲೊಂದನ್ನು ಕಳೆದುಕೊಂಡಿದ್ದಾಳೆ. ಒಬ್ಬ ದಂತವೈದ್ಯರು ನೋಡಿ, “ಒಸಡು ಬಹಳ ತೆಳ್ಳಗಿದೆ, ಮೊದಲು ಅಂಗುಳಿನಿಂದ ಸ್ವಲ್ಪ ತೆಗೆದು ಅಲ್ಲಿಗೆ ಕಸಿ ಮಾಡಬೇಕು, ಮೂರು ತಿಂಗಳು ಕಾಯಬೇಕು, ಆಮೇಲೆ ಇಂಪ್ಲಾಂಟ್” ಎಂದರಂತೆ. ಇನ್ನೊಂದು ಕಡೆಯಲ್ಲಿ, “ಅದೇನೂ ಬೇಡ, ವಾರದೊಳಗೆ ಹಲ್ಲು ಕೂರಿಸಿ ಕಳುಹಿಸುತ್ತೇವೆ” ಎಂದರಂತೆ. ಮೊದಲನೆಯವರು ಹೇಳಿದ ಲೆಕ್ಕವು ಎರಡನೆಯವರದಕ್ಕಿಂತ ಬಹಳ ಹೆಚ್ಚು. ಹುಡುಗಿಗೆ ಸಂಬಂಧ ನೋಡುತ್ತಿರುವ ಕಾಲ ಬೇರೆ. “ಹೋದ ಹಲ್ಲಿನ ಜಾಗದಲ್ಲಿ ಹಲ್ಲು ಕೂರಿಸುವುದು ಸರಿ, ಒಸಡಿನ ದಪ್ಪಕ್ಕೂ ಅದಕ್ಕೂ ಏನು ಸಂಬಂಧ? ಇದು ಹಣ ಕೀಳುವ ಉಪಾಯವೇ?” ಎಂದು ಕೇಳಿದ್ದಾರೆ.

ಸಂಬಂಧ ಉಂಟು, ಅದೂ ಸಣ್ಣದಲ್ಲ. ಇದನ್ನು ನಾವು ಪುಸ್ತಕ ಓದಿ ಮಾತ್ರ ಹೇಳುತ್ತಿಲ್ಲ. ನಮ್ಮ ಬಾಯಿಯೇ ಇದಕ್ಕೆ ಸಾಕ್ಷಿ.

2016ರಲ್ಲಿ ನಮ್ಮ ಮೇಲಿನ ಎಡಗಡೆಯ ಬಾಚಿಹಲ್ಲು ಬಿರುಕುಬಿಟ್ಟಿತು. ಹಿಂದೆ ರೂಟ್ ಕೆನಾಲ್ ಮಾಡಿಸಿ ಕ್ಯಾಪ್ ಹಾಕಿಸಿದ್ದ ಹಲ್ಲು, ಉಳಿಯಲಿಲ್ಲ. ಹಲ್ಲು ಕಿತ್ತ ದಿನವೇ ಎಲುಬಿನೊಳಗೆ ಟೈಟಾನಿಯಂ ತಿರುಪನ್ನು ಕೂರಿಸಿದರು. ಆ ವೈದ್ಯರು ಎಕ್ಸ್-ರೇ ನೋಡಿದರು, ಎಲುಬಿನ ಎತ್ತರ ಅಳೆದರು, ಹಲ್ಲಿನ ಬಣ್ಣವನ್ನು ಹೊಂದಿಸಿದರು. ಒಸಡನ್ನು ಯಾರೂ ಅಳೆಯಲಿಲ್ಲ. ಅಳೆಯುವುದುಂಟೆಂದು ನಮಗೂ ತಿಳಿದಿರಲಿಲ್ಲ. ಸಮ್ಮತಿಪತ್ರವೊಂದನ್ನು ಮುಂದಿಟ್ಟರು. ಮೂವತ್ತು ವರ್ಷ ಮಕ್ಕಳಿಗೆ “ಓದದೆ ಸಹಿ ಹಾಕಬಾರದು” ಎಂದು ಪಾಠ ಹೇಳಿದ ನಾವು ಓದದೆಯೇ ಸಹಿ ಹಾಕಿದೆವು. ಮೊದಲ ವರ್ಷ ಎಲ್ಲವೂ ಚೆನ್ನಾಗಿತ್ತು. ಎರಡನೆಯ ವರ್ಷದಲ್ಲಿ ಆ ಹಲ್ಲು ಪಕ್ಕದ ಹಲ್ಲಿಗಿಂತ ಉದ್ದವಾದಂತೆ ತೋರಿತು. ಹಲ್ಲು ಉದ್ದವಾಗಿರಲಿಲ್ಲ, ಒಸಡು ಮೇಲಕ್ಕೆ ಸರಿದಿತ್ತು. ಆಮೇಲೆ ಒಸಡಿನ ಒಳಗಿನಿಂದ ಬೂದುಬಣ್ಣದ ನೆರಳೊಂದು ಕಾಣತೊಡಗಿತು. ಅಗಿಯುವುದಕ್ಕೆ ತೊಂದರೆಯಿಲ್ಲ, ನೋವಿಲ್ಲ. ಆದರೆ ಮಗಳ ಮದುವೆಯ ಫೋಟೋಗಳಲ್ಲಿ ನಾವೊಬ್ಬರೇ ಬಾಯಿ ಬಿಗಿದುಕೊಂಡು ನಿಂತಿದ್ದೇವೆ. ಯಾರ ಮೇಲೋ ಮುನಿದವರಂತೆ.

ಕಾರಣವನ್ನು ಹೇಳಿದವರು ಬೇರೊಬ್ಬ ವೈದ್ಯರು, ಒಸಡಿನ ಚಿಕಿತ್ಸೆಯನ್ನೇ ವಿಶೇಷವಾಗಿ ಕಲಿತವರು. ಅವರು ನಮ್ಮ ಕೈಗೆ ಕನ್ನಡಿ ಕೊಟ್ಟು, ಅಳತೆಯ ಗೆರೆಗಳಿದ್ದ ತೆಳುವಾದ ಸಲಾಕೆಯೊಂದನ್ನು ಪಕ್ಕದ ಹಲ್ಲಿನ ಒಸಡಿನ ಅಂಚಿನೊಳಗೆ ಮೆಲ್ಲನೆ ಇಳಿಸಿ, “ಮಾಷ್ಟ್ರೇ, ಒಳಗಿರುವ ಸಲಾಕೆ ನಿಮಗೆ ಹೊರಗಿನಿಂದ ಕಾಣುತ್ತದೆಯೆ?” ಎಂದು ಕೇಳಿದರು. ಕಾಣುತ್ತಿತ್ತು, ಒದ್ದೆ ಪಂಚೆಯ ಹಿಂದೆ ಬೆರಳು ಕಾಣುವ ಹಾಗೆ. “ಹೀಗೆ ಕಂಡರೆ ಒಸಡು ತೆಳು, ಕಾಣದಿದ್ದರೆ ದಪ್ಪ. ಪರೀಕ್ಷೆ ಇಷ್ಟೇ” ಎಂದರು. ಅರ್ಧ ನಿಮಿಷವೂ ಹಿಡಿಯಲಿಲ್ಲ. ಆ ಅರ್ಧ ನಿಮಿಷವನ್ನು 2016ರಲ್ಲಿ ಯಾರಾದರೂ ವ್ಯಯಮಾಡಿದ್ದರೆ ನಮ್ಮ ಚಿಕಿತ್ಸೆಯ ಕ್ರಮವೇ ಬೇರೆಯಾಗುತ್ತಿತ್ತು.

ಒಸಡು ಎಂದರೆ ಹಲ್ಲಿನ ಕೊರಳಿಗೆ ಸುತ್ತಿದ ಗುಲಾಬಿ ಬಣ್ಣದ ಮಾಂಸವೆಂದಷ್ಟೇ ನಾವು ತಿಳಿದಿರುತ್ತೇವೆ. (ನಮ್ಮಲ್ಲಿ ಅನೇಕರಿಗೆ ಅದು ಗುಲಾಬಿಯಲ್ಲ, ಕಂದು, ಅದು ರೋಗವಲ್ಲ, ಮೈಬಣ್ಣದಂತೆಯೇ ಸಹಜವಾದುದು.) ಅದರ ದಪ್ಪವು ಎಲ್ಲರಲ್ಲಿಯೂ ಒಂದೇ ಅಲ್ಲ. ಒಬ್ಬರಲ್ಲಿ ಅರ್ಧ ಮಿಲಿಮೀಟರು, ಇನ್ನೊಬ್ಬರಲ್ಲಿ ಎರಡು ಮಿಲಿಮೀಟರು. ಒಂದು ಮಿಲಿಮೀಟರಿನವರೆಗೆ ತೆಳು, ಅದಕ್ಕೆ ಮೀರಿದರೆ ದಪ್ಪ ಎಂದು ಈಗ ವೈದ್ಯರು ಗೆರೆ ಎಳೆದಿದ್ದಾರೆ. ಒಬ್ಬರ ಬಾಯಲ್ಲಿಯೇ ಜಾಗದಿಂದ ಜಾಗಕ್ಕೆ ವ್ಯತ್ಯಾಸವುಂಟು. ಮೇಲಿನ ಕೋರೆಹಲ್ಲಿನ ಬಳಿ ಬಹುಮಂದಿಗೆ ತೆಳುವೇ. ಒಸಡು ತೆಳುವಾದವರಲ್ಲಿ ಸಾಮಾನ್ಯವಾಗಿ ಹಲ್ಲುಗಳು ಉದ್ದವಾಗಿ ತ್ರಿಕೋಣದಂತಿದ್ದು, ಒಸಡಿನ ಅಂಚು ಆಳವಾದ ಕಮಾನುಗಳಂತೆ ಬಾಗಿರುತ್ತದೆ. ದಪ್ಪವಾದವರಲ್ಲಿ ಹಲ್ಲು ಚೌಕ, ಅಂಚು ಹೆಚ್ಚು ಬಾಗದೆ ಸಪಾಟು. ಈ ಎರಡು ಬಗೆಗಳನ್ನು 1969ರಲ್ಲಿ ಓಕ್ಸೆನ್‌ಬೈನ್ ಮತ್ತು ರಾಸ್ ಎಂಬ ಅಮೆರಿಕದ ವೈದ್ಯರು ವಿವರಿಸಿದರು. ಬೆಲ್ಜಿಯಂನಲ್ಲಿ ನೂರು ಮಂದಿ ಆರೋಗ್ಯವಂತರನ್ನು ಸಲಾಕೆಯ ವಿಧಾನದಿಂದ ಪರೀಕ್ಷಿಸಿದ ವರದಿ 2009ರಲ್ಲಿ ಪ್ರಕಟವಾಯಿತು. ಅವರಲ್ಲಿ ಮೂರರಲ್ಲಿ ಒಂದು ಪಾಲಿನಷ್ಟು ಜನರ ಒಸಡು ತೆಳು, ಆ ತೆಳು ಒಸಡಿನವರಲ್ಲಿ ಹೆಂಗಸರೇ ಹೆಚ್ಚು. ಬೆಲ್ಜಿಯಂನ ಲೆಕ್ಕ ನಮ್ಮೂರಿಗೆ ಹಾಗೆಯೇ ಹೊಂದಬೇಕೆಂದಿಲ್ಲ. ಆದರೂ ಹೆಣ್ಣುಮಕ್ಕಳ ತಾಯಂದಿರು ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು.

ತೆಳುವಾದರೆ ಏನು ಕೆಟ್ಟಿತು? ಸುಮ್ಮನಿರುವಾಗ ಏನೂ ಕೆಡುವುದಿಲ್ಲ. ತೆಳು ಒಸಡು ರೋಗವಲ್ಲ. ಶುದ್ಧವಾಗಿಟ್ಟುಕೊಂಡರೆ ಆಯುಷ್ಯವಿಡೀ ಬಾಳುತ್ತದೆ. ಕಷ್ಟ ಬರುವುದು ಅದಕ್ಕೆ ಪೆಟ್ಟು ಬಿದ್ದಾಗ. ಹಲ್ಲಿನ ಬುಡದಲ್ಲಿ ಪಾಚಿಯಂಥ ಕೊಳೆ ಕಟ್ಟಿ ಉರಿಯೂತವುಂಟಾದಾಗ ದಪ್ಪ ಒಸಡಿನಲ್ಲಿ ಅದು ಒಳಮೈಯನ್ನಷ್ಟೇ ಹಿಡಿಯುತ್ತದೆ, ಹಲ್ಲಿಗೂ ಒಸಡಿಗೂ ನಡುವೆ ಜೇಬಿನಂಥ ಪೊಳ್ಳಾಗುತ್ತದೆ, ಹೊರಗಿನ ಅಂಚು ಇದ್ದಲ್ಲಿಯೇ ಇರುತ್ತದೆ. ತೆಳು ಒಸಡಿನಲ್ಲಿ ಉರಿಯೂತವು ಒಳಗಿನಿಂದ ಹೊರಗಿನವರೆಗೆ ಇಡಿಯ ದಪ್ಪವನ್ನೇ ವ್ಯಾಪಿಸುವುದರಿಂದ ಅಂಚೇ ಕುಸಿದು ಬೇರು ಹೊರಗೆ ಕಾಣುತ್ತದೆ. ರಕ್ತನಾಳಗಳೂ ನಾರೂ ಕಡಿಮೆಯಾದುದರಿಂದ ಕುಯ್ದರೆ, ಎಳೆದರೆ ಮಾಯುವ ಶಕ್ತಿಯೂ ಕಡಿಮೆ. ಅದರ ಕೆಳಗಿರುವ ಎಲುಬಿನ ಗೋಡೆಯೂ ಸಾಮಾನ್ಯವಾಗಿ ತೆಳುವೇ. ಹೀಗೆ ಸರಿದುಹೋದ ಒಸಡು ತಾನಾಗಿ ಕೆಳಗಿಳಿದು ಬರುವುದು ಅಪರೂಪ. ಆದುದರಿಂದಲೇ ಮೊದಲೇ ತಿಳಿದಿರಬೇಕೆನ್ನುವುದು.

ಈಗ ಚಿಕಿತ್ಸೆಗಳ ಮಾತು. ಕ್ಯಾಪ್ ಎಲ್ಲರಿಗೂ ಪರಿಚಿತವಾದುದು. ಒಸಡು ಹಲ್ಲಿಗೆ ಅಂಟಿಕೊಂಡಿರುವ ಪಟ್ಟಿಯ ಅಗಲ ಸರಾಸರಿ ಎರಡು ಮಿಲಿಮೀಟರು ಎಂದು 1961ರಲ್ಲಿಯೇ ಅಳೆದಿದ್ದಾರೆ. ಕ್ಯಾಪಿನ ಅಂಚು ಈ ಪಟ್ಟಿಯೊಳಕ್ಕೆ ನುಗ್ಗಿದರೆ ದೇಹವು ಸಹಿಸುವುದಿಲ್ಲ. ದಪ್ಪ ಒಸಡಾದರೆ ಅಲ್ಲಿ ಕೆಂಪಾಗಿ ಊದಿಕೊಂಡು ರಕ್ತ ಜಿನುಗುತ್ತದೆ. ತೆಳು ಒಸಡಾದರೆ ಮೇಲೆ ಸರಿದು, ಲೋಹದ ಮೇಲೆ ಪಿಂಗಾಣಿ ಹಚ್ಚಿದ ಕ್ಯಾಪಿನ ಬುಡದಲ್ಲಿ ಕಪ್ಪು ಗೆರೆ ತೋರುತ್ತದೆ. ನಮ್ಮ ಬಂಧುಬಳಗದಲ್ಲಿ ಆ ಕಪ್ಪು ಗೆರೆಯಿಲ್ಲದ ಕ್ಯಾಪನ್ನು ನಾವು ಕಂಡುದೇ ಕಡಿಮೆ! ಹಿಂದಿನ ದವಡೆಹಲ್ಲಾದರೆ ಅದರಿಂದ ಬಾಧೆಯಿಲ್ಲ. ಮುಂದಿನ ಹಲ್ಲಾದರೆ, ತೆಳು ಒಸಡಿನವರಿಗೆ ಕ್ಯಾಪಿನ ಅಂಚನ್ನು ಒಸಡಿನ ಒಳಕ್ಕೆ ಆಳವಾಗಿ ಇಳಿಸದೆ, ಲೋಹವಿಲ್ಲದ ಕ್ಯಾಪನ್ನೇ ಹಾಕಿಸುವುದು ಮೇಲು.

ಇಂಪ್ಲಾಂಟಿನ ಸಂಗತಿ ಇದಕ್ಕಿಂತ ಗಂಭೀರ. ಸ್ವೀಡನ್ನಿನ ಬ್ರೋನೆಮಾರ್ಕ್ ಅವರು 1965ರಲ್ಲಿ ಮೊದಲ ರೋಗಿಗೆ ಟೈಟಾನಿಯಂ ಬೇರನ್ನು ಕೂರಿಸಿದ ಮೇಲೆ ಬಹುಕಾಲ ವೈದ್ಯಲೋಕದ ಲಕ್ಷ್ಯವೆಲ್ಲ ಎಲುಬಿನ ಮೇಲೆಯೇ ಇತ್ತು: ಎಲುಬು ಸಾಕಷ್ಟಿದೆಯೆ, ತಿರುಪು ಗಟ್ಟಿಯಾಗಿ ಕೂತಿದೆಯೆ ಎಂದು. ಒಸಡಿನ ಕಡೆ ಕಣ್ಣು ಹೊರಳಿದ್ದು ತಡವಾಗಿ. ಲಿಥುವೇನಿಯಾದ ಲಿಂಕೆವಿಚಿಯಸ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಒಂದು ಸಣ್ಣ ಅಧ್ಯಯನ ಬಹಳ ಚರ್ಚೆಗೆ ಬಂದಿತು. ಎಲುಬಿನ ಮೇಲಿರುವ ಒಸಡಿನ ಹೊದಿಕೆ ಎರಡು ಮಿಲಿಮೀಟರು ಅಥವಾ ಅದಕ್ಕಿಂತ ತೆಳುವಾಗಿದ್ದಲ್ಲಿ ಒಂದು ವರ್ಷದೊಳಗೆ ಇಂಪ್ಲಾಂಟಿನ ಸುತ್ತಲಿನ ಎಲುಬು ಒಂದು ಮಿಲಿಮೀಟರಿಗಿಂತಲೂ ಹೆಚ್ಚು ಕರಗಿತ್ತು. ದಪ್ಪವಾಗಿದ್ದಲ್ಲಿ ಕರಗಿದ್ದು ಕಾಲು ಮಿಲಿಮೀಟರಿನ ಆಸುಪಾಸು. ಕಾರಣ ಊಹಿಸಲು ಕಷ್ಟವಲ್ಲ. ತಿರುಪಿನ ಸುತ್ತ ರಕ್ಷಣೆಯ ಪಟ್ಟಿ ಕಟ್ಟಿಕೊಳ್ಳಲು ಒಸಡಿಗೆ ಇಂತಿಷ್ಟು ಜಾಗ ಬೇಕೇ ಬೇಕು. ಮೇಲೆ ಜಾಗವಿಲ್ಲದಿದ್ದರೆ ಅದು ಎಲುಬನ್ನು ಕರಗಿಸಿ ಕೆಳಗೆ ಜಾಗ ಮಾಡಿಕೊಳ್ಳುತ್ತದೆ.

ನಮ್ಮ ಬಾಯಿಯ ಬೂದುನೆರಳಿಗೂ ಲೆಕ್ಕವುಂಟು. 2007ರಲ್ಲಿ ಯುಂಗ್ ಮತ್ತು ಸಂಗಡಿಗರು ಹಂದಿಯ ದವಡೆಯ ಮೇಲೆ ಬೇರೆಬೇರೆ ದಪ್ಪದ ಒಸಡನ್ನಿಟ್ಟು, ಅದರಡಿಯಲ್ಲಿ ಟೈಟಾನಿಯಂ ಮತ್ತು ಬಿಳಿಯ ಜಿರ್ಕೋನಿಯಾ ತುಂಡುಗಳನ್ನು ಇರಿಸಿ ಬಣ್ಣವನ್ನು ಯಂತ್ರದಿಂದ ಅಳೆದರು. ಒಸಡು ಮೂರು ಮಿಲಿಮೀಟರು ದಪ್ಪವಿದ್ದಾಗ ಯಾವ ವಸ್ತುವಾದರೂ ಕಣ್ಣಿಗೆ ಭೇದ ತಿಳಿಯಲಿಲ್ಲ. ಎರಡು ಮಿಲಿಮೀಟರು ಇದ್ದಾಗ ಜಿರ್ಕೋನಿಯಾ ಮರೆಯಾಯಿತು, ಟೈಟಾನಿಯಂ ಇಣುಕಿತು. ನಮ್ಮದು ಒಂದೂ ಇರಲಿಲ್ಲ. ಇಣುಕದೆ ಏನು ಮಾಡೀತು?

ಹಾಗೆಂದು ಹಲ್ಲು ಕಿತ್ತ ದಿನವೇ ಇಂಪ್ಲಾಂಟ್ ಕೂರಿಸುವುದು ಮೋಸವೆಂದು ಯಾರೂ ತಿಳಿಯಬಾರದು. ಒಸಡು ದಪ್ಪವಾಗಿ, ಎಲುಬಿನ ಮುಂಗೋಡೆ ಮುರಿಯದೆ ಇದ್ದರೆ ಅದು ಒಳ್ಳೆಯ ಚಿಕಿತ್ಸೆಯೇ. ಆದರೆ ಮೇಲಿನ ಮುಂದಿನ ಹಲ್ಲುಗಳ ಮುಂಗೋಡೆ ಬಹುಮಂದಿಗೆ ಒಂದು ಮಿಲಿಮೀಟರೂ ದಪ್ಪವಿರುವುದಿಲ್ಲ. ಹಲ್ಲು ಹೋದ ಮೇಲೆ ಅದು ಬೇಗನೆ ಕರಗಿ, ಒಸಡು ಒಳಕ್ಕೆ ಕುಸಿಯುತ್ತದೆ. ಒಸಡೂ ತೆಳುವಾಗಿದ್ದರೆ ಅಪಾಯ ಇಮ್ಮಡಿ. ಒಂದೇ ಚಿಕಿತ್ಸೆ ಒಬ್ಬರಿಗೆ ಹೊಂದಿ ಇನ್ನೊಬ್ಬರಿಗೆ ಕೈಕೊಡುವುದು ಎಷ್ಟೋ ವೇಳೆ ವೈದ್ಯರ ಕೈಗುಣದಿಂದಲ್ಲ, ಈ ಒಂದು ಮಿಲಿಮೀಟರಿನ ಭೇದದಿಂದ.

ಹಲ್ಲಿಗೆ ಕ್ಲಿಪ್ ಹಾಕಿಸುವವರಿಗೂ ಇದು ಅನ್ವಯಿಸುತ್ತದೆ. ಹಲ್ಲುಗಳನ್ನು, ವಿಶೇಷವಾಗಿ ಕೆಳಗಿನ ಬಾಚಿಹಲ್ಲುಗಳನ್ನು, ಹೊರಕ್ಕೆ ತಳ್ಳಿದಾಗ ತೆಳುವಾದ ಎಲುಬಿನ ಗೋಡೆಯಿಂದ ಬೇರು ಆಚೆಗೆ ಬರಬಹುದು. ಅಲ್ಲಿ ಒಸಡೂ ತೆಳುವಾಗಿದ್ದು, ಕ್ಲಿಪ್ಪಿನ ಎಡೆಯಲ್ಲಿ ಕೊಳೆಯೂ ಕಟ್ಟಿದರೆ ಒಸಡು ಜಾರುತ್ತದೆ. ಮದುವೆಗೆ ಮುನ್ನ ಕಪ್ಪು ಒಸಡನ್ನು ಕೆರೆಯಿಸಿ ಗುಲಾಬಿ ಮಾಡಿಸಿಕೊಳ್ಳುವ ಹೊಸ ಗೀಳೊಂದು ಹಬ್ಬಿದೆ. ತೆಳು ಒಸಡಿನ ಮೇಲ್ಪದರವನ್ನು ಕೆರೆದರೆ ಉಳಿಯುವುದೆಷ್ಟು? ಆ ಬಣ್ಣ ವರ್ಷ ಎರಡು ವರ್ಷದಲ್ಲಿ ಮರಳಿ ಬರುವುದೂ ಸಾಮಾನ್ಯ. ಇದು ನಮಗೆ ಸ್ವಲ್ಪವೂ ಒಪ್ಪಿಗೆಯಾಗದ ಖರ್ಚು.

ಹೀಗೆ ಹೇಳುವಾಗ ದಪ್ಪ ಒಸಡಿನವರು ನಿಶ್ಚಿಂತರಾಗಿ ಮಲಗಬಹುದೆಂದು ತಿಳಿಯಬಾರದು. ಅವರ ರೋಗ ಅಡಗಿಕೊಂಡು ಬೆಳೆಯುತ್ತದೆ. ಹೊರಗಿನ ಅಂಚು ಸರಿಯದೆ ಇರುವುದರಿಂದ ಕನ್ನಡಿಯಲ್ಲಿ ಎಲ್ಲವೂ ಚೆಂದವಾಗಿ ಕಾಣುತ್ತದೆ. ಒಳಗೆ ಎಲುಬು ಕರಗಿ ಒಂದು ದಿನ ಹಲ್ಲು ಅಲ್ಲಾಡತೊಡಗಿದಾಗಲೇ ಎಚ್ಚರ. ಇನ್ನೊಂದು ಭ್ರಮೆಯೂ ಉಂಟು. ಊದಿಕೊಂಡ ಒಸಡು ದಪ್ಪ ಒಸಡಲ್ಲ. ರಕ್ತದೊತ್ತಡಕ್ಕೆ ಕೊಡುವ ಆಮ್ಲೋಡಿಪಿನ್, ನಿಫೆಡಿಪಿನ್, ಅಪಸ್ಮಾರಕ್ಕೆ ಕೊಡುವ ಫಿನಿಟಾಯಿನ್ ಮುಂತಾದ ಗುಳಿಗೆಗಳು ಕೆಲವರಲ್ಲಿ ಒಸಡನ್ನು ಬೆಳೆಸುತ್ತವೆ. ಅಂಥವರು ಗುಳಿಗೆಯ ಹೆಸರನ್ನು ದಂತವೈದ್ಯರಿಗೆ ತಪ್ಪದೆ ಹೇಳಬೇಕು. ತಾವೇ ಗುಳಿಗೆ ನಿಲ್ಲಿಸುವ ಸಾಹಸ ಮಾತ್ರ ಬೇಡ. ಉಜ್ಜಿದಾಗ ರಕ್ತ ಬರುವ ಒಸಡಿನ ಊತವನ್ನು ಮೊದಲು ಕ್ಲೀನಿಂಗ್ ಮಾಡಿಸಿ ಇಳಿಸಿ, ಆಮೇಲೆ ದಪ್ಪವನ್ನು ನಿರ್ಣಯಿಸತಕ್ಕದ್ದು.

ನಮ್ಮ ಹಿರಿಯರು ಉಮಿಯ ಕರಿ, ಉಪ್ಪು, ಮಾವಿನೆಲೆಗಳಿಂದ ಹಲ್ಲುಜ್ಜಿದವರು. ದಪ್ಪ ಒಸಡಿನವರಿಗೆ ಅದು ನಡೆದುಹೋಯಿತು. ತೆಳು ಒಸಡಿಗೆ ಕರಿಯ ತರಿಯೂ, ಗಟ್ಟಿ ಬ್ರಷ್ಷೂ, ಅಡ್ಡಡ್ಡ ತಿಕ್ಕುವ ಕೈಯ ಬಲವೂ ಅರದಂತೆ ಕೆಲಸ ಮಾಡುತ್ತವೆ. ಮೆತ್ತನೆಯ ಬ್ರಷ್ಷನ್ನು ಒಸಡಿನ ಅಂಚಿಗೆ ಓರೆಯಾಗಿಟ್ಟು ಹಗುರವಾಗಿ ಆಡಿಸಬೇಕು. ಇನ್ನು ಎಲೆಯಡಿಕೆ. ಅಡಿಕೆಯಿಂದ ಅನ್ನ ಉಣ್ಣುವ ಊರಿನಲ್ಲಿ ಕುಳಿತು ಇದನ್ನು ಬರೆಯುವುದು ಸುಲಭವಲ್ಲ. ಆದರೂ ಅಡಿಕೆಯನ್ನು ಸದಾ ಅಗಿಯುವ ಬಾಯಿಯಲ್ಲಿ ಒಳಚರ್ಮ ನಾರುಗಟ್ಟಿ, ಬಾಯಿ ತೆರೆಯುವುದೇ ಕಷ್ಟವಾಗುವುದುಂಟು. ಹೊಗೆಸೊಪ್ಪೂ ಬೀಡಿಯೂ ಸೇರಿದರೆ ಯಾವ ಕಸಿಯೂ ಸರಿಯಾಗಿ ಹಿಡಿಯುವುದಿಲ್ಲ.

ಕಸಿಯ ಮಾತು ಬಂದಿತು. ಸೋದರಿಯವರನ್ನು ಹೆಚ್ಚು ಹೆದರಿಸಿದುದು ಇದೇ ಎಂದು ಕಾಗದದ ಧಾಟಿಯಿಂದ ತಿಳಿಯುತ್ತದೆ. ಅಂಗುಳಿನ ಮೇಲ್ಪದರದ ಅಡಿಯಿಂದ ಸಣ್ಣ ತುಂಡು ಅಂಗಾಂಶವನ್ನು ತೆಗೆದು, ತೆಳುವಾದ ಒಸಡಿನ ಒಳಗೆ ಸೇರಿಸಿ ಹೊಲಿಯುತ್ತಾರೆ. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಮಾಡುವ ಕೆಲಸ, ಆಸ್ಪತ್ರೆಯಲ್ಲಿ ಮಲಗಬೇಕಾಗಿಲ್ಲ. ಕಸಿಯ ಜಾಗಕ್ಕಿಂತ ಅಂಗುಳೇ ಹೆಚ್ಚು ನೋಯುತ್ತದೆ. ಎರಡು ವಾರ ಖಾರ, ಬಿಸಿ, ಹಪ್ಪಳ ದೂರವಿಡಬೇಕು. ಇದು ನಿನ್ನೆ ಮೊನ್ನೆಯ ಪ್ರಯೋಗವಲ್ಲ. ಈ ಒಳಪದರದ ಕಸಿಯನ್ನು ಅಮೆರಿಕದ ಲ್ಯಾಂಗರ್ ದಂಪತಿಗಳು 1985ರಲ್ಲಿ ವರ್ಣಿಸಿದಂದಿನಿಂದ ಲೋಕವೆಲ್ಲ ಬಳಸುತ್ತಿದೆ. ಜಾರಿದ ಒಸಡನ್ನು ಕೆಳಗೆಳೆದು ಬೇರನ್ನು ಮುಚ್ಚುವ ಶಸ್ತ್ರಕ್ರಿಯೆಯಲ್ಲಿಯೂ ದಪ್ಪವೇ ಯಜಮಾನ. ಇಟಲಿಯಲ್ಲಿ 1999ರಲ್ಲಿ ಹತ್ತೊಂಬತ್ತು ಮಂದಿಯಲ್ಲಿ ನೋಡಿದಾಗ, ಎಳೆದ ಒಸಡು 0.8 ಮಿಲಿಮೀಟರಿಗಿಂತ ದಪ್ಪವಾಗಿದ್ದವರಲ್ಲಿ ಬೇರು ಪೂರ್ತಿ ಮುಚ್ಚಿತು, ತೆಳುವಾಗಿದ್ದವರಲ್ಲಿ ಅರೆಬರೆ. ಹಿಂದೆ ಈ ದಪ್ಪ ತೆಳುಗಳಿಗೆ ‘ಬಯೋಟೈಪ್’ ಎಂದು ಹೆಸರಿತ್ತು, ಹುಟ್ಟಿನಿಂದ ಬಂದುದೆಂಬ ಅರ್ಥದಲ್ಲಿ. 2017ರಲ್ಲಿ ಶಿಕಾಗೋದಲ್ಲಿ ನೆರೆದ ತಜ್ಞರು ಅದನ್ನು ಬಿಟ್ಟು ‘ಫಿನೋಟೈಪ್’ ಎನ್ನಬೇಕೆಂದರು, ಏಕೆಂದರೆ ಅದನ್ನು ಬದಲಿಸಬಹುದು. ಹಣೆಬರಹವಲ್ಲ ಎಂದಂತಾಯಿತು.

ಎಲ್ಲ ತೆಳು ಒಸಡಿಗೂ ಕಸಿ ಬೇಕೆಂದಲ್ಲ. ದವಡೆಹಲ್ಲಿಗೆ ಸಿಮೆಂಟ್ ತುಂಬಿಸಲು ಹೋದವರಿಗೆ ಯಾರಾದರೂ ಕಸಿ ಎಂದರೆ ಎದ್ದುಬರುವುದೇ ಸರಿ.

ಗಡಿಯ ನಮ್ಮಂಥವರಿಗೆ ಇನ್ನೊಂದು ತೊಡಕು. ವೈದ್ಯರು ಹೇಳುವ ಭಾಷೆ ನಮ್ಮದಲ್ಲ. ಅರ್ಥವಾದಂತೆ ತಲೆಯಾಡಿಸಿ ಬರುವುದು ನಮ್ಮ ರೂಢಿ. ಒಸಡಿಗೆ ಇಲ್ಲಿ ಮಲಯಾಳದಲ್ಲಿ ಮೋಣ, ಹೊಸೂರು ತಾಳವಾಡಿಯ ಓದುಗರು ಕೇಳುವ ತಮಿಳಿನಲ್ಲಿ ಈರು, ಸೊಲ್ಲಾಪುರ ಅಕ್ಕಲಕೋಟೆಯವರು ಕೇಳುವ ಮರಾಠಿಯಲ್ಲಿ ಹಿರಡಿ. ಆದೋನಿ ಮಡಕಶಿರದ ಕಡೆ ತೆಲುಗಿನವರು ಚಿಗುರು ಎನ್ನುತ್ತಾರೆ. ನಮ್ಮ ಕಿವಿಗೆ ತಳಿರಿನ ನೆನಪಾಗುವ ಮಾತು, ಆ ಮೆತ್ತನೆಯ ವಸ್ತುವಿಗೆ ನಮ್ಮ ಒಸಡಿಗಿಂತಲೂ ಚೆನ್ನಾಗಿ ಒಪ್ಪುತ್ತದೆ. ಈ ಒಂದು ಪದವನ್ನು ಹಿಡಿದುಕೊಂಡು ಹೋಗಿ, “ಇದು ದಪ್ಪವೋ ತೆಳುವೋ? ಹೇಗೆ ನೋಡಿದಿರಿ?” ಎಂದು ಕೇಳಿದರೆ ಸಾಕು. ನೋಡಿದವರು ತೋರಿಸುತ್ತಾರೆ. ಒಸಡು ಕಂದಾಗಿದ್ದು ಸಲಾಕೆಯ ಪರೀಕ್ಷೆ ಸ್ಪಷ್ಟವಾಗದಿದ್ದರೆ, ಮರಗಟ್ಟಿಸಿ ಸಣ್ಣ ಸೂಜಿಯಿಂದ ಅಳೆಯುವ ಕ್ರಮವೂ ಉಂಟು.

ಇನ್ನು ಸೋದರಿಯವರ ನಿರ್ಧಾರ. ನಾವು ವೈದ್ಯರಲ್ಲ; ಹುಡುಗಿಯ ಬಾಯಿಯನ್ನು ನೋಡಿಯೂ ಇಲ್ಲ. ಆದರೆ ಮೊದಲನೆಯವರು ಒಸಡನ್ನು ನೋಡಿ ಮಾತಾಡಿದ್ದಾರೆ. ಎರಡನೆಯವರು ಅದರ ಬಗ್ಗೆ ಏನು ಹೇಳಿದರೆಂದು ಕಾಗದದಲ್ಲಿ ಇಲ್ಲ. ವಾರದೊಳಗೆ ಕೂರಿಸುವವರನ್ನು, “ಒಸಡು ಸರಿದರೆ ಮುಂದೇನು?” ಎಂದು ಕೇಳಿ ನೋಡಿರಿ. ಹಣದ ಚಿಂತೆಯಾದರೆ ದಂತವೈದ್ಯ ಕಾಲೇಜಿನ ಆಸ್ಪತ್ರೆಗೆ ಹೋಗಬಹುದು. ಮಣಿಪಾಲದಲ್ಲಿ 1965ರಿಂದ ಇಂಥ ಕಾಲೇಜುಂಟು, ಮಂಗಳೂರಿನಲ್ಲಿಯೂ ಹಲವುಂಟು, ಕೋಝಿಕ್ಕೋಡಿನಲ್ಲಿ ಸರಕಾರದ್ದೇ ಉಂಟು. ಅಲ್ಲಿ ಪೀರಿಯೊಡಾಂಟಿಕ್ಸ್ ಎಂದು ಒಸಡಿಗೆಂದೇ ಪ್ರತ್ಯೇಕ ವಿಭಾಗವಿರುತ್ತದೆ. ಕಾಯುವ ಸಾಲು ಉದ್ದ, ಲೆಕ್ಕ ಹಗುರ.

ಕಾಗದದ ಅಂಚಿನಲ್ಲಿ, ಮಡಿಸುವ ಮುನ್ನ ನೆನಪಾಗಿ ಬರೆದಂತೆ, ಇನ್ನೊಂದು ಪ್ರಶ್ನೆಯಿದೆ: ಆ ಮೂರು ತಿಂಗಳು ಹುಡುಗಿ ಬಾಯಲ್ಲಿ ಕಿಂಡಿ ಇಟ್ಟುಕೊಂಡೇ ತಿರುಗಬೇಕೆ ಎಂದು. ಬೇಕಾಗಿಲ್ಲ. ತೆಗೆದು ಹಾಕುವ ಒಂದು ಹಲ್ಲಿನ ಸಣ್ಣ ಸೆಟ್ಟನ್ನಾಗಲಿ, ಪಕ್ಕದ ಹಲ್ಲುಗಳಿಗೆ ಅಂಟಿಸಿದ ತಾತ್ಕಾಲಿಕ ಹಲ್ಲನ್ನಾಗಲಿ ಮಾಡಿಕೊಡುತ್ತಾರೆ. ಅದು ಕಸಿಯ ಮೇಲೆ ಒತ್ತದಂತೆ ಇರಬೇಕು. ತೆಗೆದು ಹಾಕುವ ಸೆಟ್ಟಾದರೆ ರಾತ್ರಿ ತೆಗೆದಿಡಬೇಕು. ಗಂಡಿನ ಕಡೆಯವರು ನೋಡಲು ಬಂದ ದಿನ ಧಾರಾಳವಾಗಿ ನಗಬಹುದು, ಚಕ್ಕುಲಿ ಮಾತ್ರ ಕಡಿಯಬಾರದು.